ಭಾನುವಾರದ ಎಐ ವಿಡಿಯೊ ಹೋಲಿಕೆ: ಶನಿವಾರದೊಳಗೆ ಕ್ಲಿಪ್ ಹಾಕಿ

ಎಲ್ಲರಿಗೂ ನಮಸ್ಕಾರ. ಉಚಿತ ಎಐ ವಿಡಿಯೊ ಟೂಲ್‌ಗಳ ಹೋಲಿಕೆ ಭಾನುವಾರ ಬೆಳಿಗ್ಗೆ 11ಕ್ಕೆ. ಹೆಸರು ಕೊಟ್ಟವರು ಶನಿವಾರ ರಾತ್ರಿ 8ರೊಳಗೆ ಕ್ಲಿಪ್ ಕಳಿಸಿ.

ಪಿನ್ ಮಾಡಿರುವ ಫೋಟೊ, ಪ್ರಾಂಪ್ಟ್ (ಟೂಲ್‌ಗೆ ಬರೆದು ಕೊಡುವ ಸೂಚನೆ) ಎರಡನ್ನೂ ಹಾಗೆಯೇ ಬಳಸಿ: 5 ಸೆಕೆಂಡ್, 16:9. ಒಂದು ಪದ ಬದಲಾದರೂ ಹೋಲಿಕೆ ಕೆಟ್ಟಂತೆ. ರನ್‌ವೇ ಎಂಬ ಟೂಲ್‌ನ ಉಚಿತ ಖಾತೆಯ ಕ್ರೆಡಿಟ್ ಒಮ್ಮೆ ಮುಗಿದರೆ ಮತ್ತೆ ತುಂಬುವುದಿಲ್ಲ, ಅಲ್ಲಿ ಪ್ರಯೋಗ ಬೇಡ.

ಸ್ವಂತ ಗ್ರಾಫಿಕ್ಸ್ ಕಾರ್ಡ್ ಇರುವವರು ತಮ್ಮ ಕಂಪ್ಯೂಟರ್‌ನಲ್ಲೇ ಓಡಿಸಬಹುದಾದ ಎಐ ವಿಡಿಯೊ ಮಾದರಿ ವಾನ್ 2.1 ನೋಡಿ. ಇದರ ಚಿಕ್ಕ ಆವೃತ್ತಿ ಟಿ2ವಿ-1.3ಬಿಗೆ ಸುಮಾರು 8 ಜಿಬಿ ವಿ-ರ್ಯಾಮ್ (ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ) ಸಾಕು, ವಾಟರ್‌ಮಾರ್ಕ್ ಕಾಟವಿಲ್ಲ. ಆದರೆ ಈ 1.3ಬಿ ಪಠ್ಯದಿಂದ ಮಾತ್ರ ವಿಡಿಯೊ ಮಾಡುತ್ತದೆ. ಫೋಟೊ ಬಿಟ್ಟು ಪ್ರಾಂಪ್ಟ್ ಮಾತ್ರ ಹಾಕಿ, ಹಾಗೆಂದು ಬರೆಯಿರಿ. ಔಟ್‌ಪುಟ್ 480ಪಿ, ಸೆಕೆಂಡಿಗೆ 16 ಫ್ರೇಮ್. ಎಡಿಟಿಂಗ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ನ ಟೈಮ್‌ಲೈನ್‌ಗೆ ನೇರ ಎಳೆದರೆ ಚಲನೆ ತಡವರಿಸುತ್ತದೆ. ಫ್ರೇಮ್ ಇಂಟರ್‌ಪೊಲೇಶನ್ (ನಡುವೆ ಹೊಸ ಫ್ರೇಮ್ ಸೇರಿಸುವುದು) ಮಾಡಿದ್ದರೆ ತಿಳಿಸಿ.

ಚೆನ್ನಾಗಿ ಬಂದದ್ದನ್ನು ಆರಿಸಬೇಡಿ, ಮೊದಲು ಬಂದದ್ದನ್ನೇ ಕಳಿಸಿ. ಕ್ಲಿಪ್ ಜೊತೆ ಕಾದ ನಿಮಿಷ, ವಾಟರ್‌ಮಾರ್ಕ್, ವಾಣಿಜ್ಯ ಬಳಕೆಗೆ ಅನುಮತಿ ಇದೆಯೇ ಎಂಬುದನ್ನೂ ಬರೆಯಿರಿ. ಕೊನೆಯದೇ ಮುಖ್ಯ, ಆ ಷರತ್ತನ್ನು ಹೆಚ್ಚಿನವರು ಓದುವುದೇ ಇಲ್ಲ. ಕೈಬೆರಳು ಕೊನೆಯ ಸೆಕೆಂಡಿನಲ್ಲಿ ಕರಗುತ್ತವೆಯೇ ನೋಡಿ.

ಯಾರು ಯಾವ ಟೂಲ್ ಎಂದು ಇವತ್ತೇ ಉತ್ತರಿಸಿ, ಇಬ್ಬರು ಒಂದನ್ನೇ ಹಿಡಿಯುವುದು ಬೇಡ.