ಹೊಸ ದೀಪ ಸಾಕು ಸಾಹೇಬರೇ, ಬ್ಯಾಟರಿ ದುಡ್ಡು ತೆಗೆದಿಡಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ರಾಯಚೂರು ಜಿಲ್ಲೆಯ ದೊಡ್ಡಿಗಳಲ್ಲಿ, ಅಂದರೆ ಊರಾಚೆ ಹೊಲಗಳ ನಡುವಿನ ಸಣ್ಣ ವಸತಿಗಳಲ್ಲಿ, ಇರುವವರು, ಆ ದೊಡ್ಡಿಗಳ ಸೋಲಾರ್ ದೀಪ ರಿಪೇರಿ ಮಾಡುವವರು ಕೂಡಿ ಬರೆದ ಪತ್ರ ಇದು. ಹಿಂದೆ ಕೊಟ್ಟ ಅರ್ಜಿಗಳು ತಮ್ಮ ಕಚೇರಿಯಲ್ಲಿವೆ. ಸೀಲು ಹಾಕಿದ ಪ್ರತಿಗಳು ನಮ್ಮ ಹತ್ತಿರ ಇವೆ. ಉತ್ತರ ಮಾತ್ರ ಇಬ್ಬರ ಹತ್ತಿರವೂ ಇಲ್ಲ. ಅದಕ್ಕೇ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇವೆ.

ಕೇಳುವುದು ಒಂದೇ. ಹೊಸ ದೀಪ ಬೇಡ. ಹಾಕಿದ ದೀಪಗಳಿಗೆ ಬ್ಯಾಟರಿ ಬದಲಿಸುವ ದುಡ್ಡು ತೆಗೆದಿಡಿ.

ನಮ್ಮ ಜಿಲ್ಲೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ ಇನ್ನೂ 1,600. ದೀಪದ ಬುಡ ಕತ್ತಲು ಅನ್ನುವ ಗಾದೆ ಹೇಳಿ ತಮ್ಮನ್ನು ಬೇಸರಪಡಿಸುವುದಿಲ್ಲ, ಅದು ವೇದಿಕೆಯ ಮೇಲೆ ಬೇಕಾದಷ್ಟು ಸಲ ಕೇಳಿಬಂದಿದೆ. ದೊಡ್ಡಿಗೆ ಲೈನ್ ಇಲ್ಲ. ಲೈನ್ ಇಲ್ಲದ ಮೇಲೆ ಮೀಟರ್ ಇಲ್ಲ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಇಲ್ಲ. ಆರ್‌ಆರ್ ನಂಬರ್ ಇಲ್ಲದವರಿಗೆ ಗೃಹಜ್ಯೋತಿಯ 200 ಯೂನಿಟ್ಟೂ ಇಲ್ಲ, ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್ ಮಾಳಿಗೆ ಸೋಲಾರ್‌ಗೆ ಕೊಡುವ ₹78,000 ಸಬ್ಸಿಡಿಯೂ ಇಲ್ಲ. ಲೈನ್ ಮುಟ್ಟದ ಮನೆಗೆ 200ರಿಂದ 300 ವ್ಯಾಟ್ ಪ್ಯಾನೆಲ್, ಬ್ಯಾಟರಿ, ಐದು ಎಲ್ಇಡಿ ಬಲ್ಬು, ಒಂದು ಡಿಸಿ ಫ್ಯಾನು, ಐದು ವರ್ಷದ ರಿಪೇರಿ ಎಂದು 2017ರ ಸೌಭಾಗ್ಯ ಯೋಜನೆಯಲ್ಲಿ ಬರೆದಿತ್ತು. ನಿಯಮ ತಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ದೊಡ್ಡಿಗಳಿಗೆ ಯಾವ್ಯಾವುದೋ ಅನುದಾನದಲ್ಲಿ ಬಂದದ್ದು 40 ವ್ಯಾಟ್ ಪ್ಯಾನೆಲ್, 12 ವೋಲ್ಟ್ 40 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ನಾಲ್ಕು ಬಲ್ಬು.

ಅದೂ ಸಾಲುತ್ತಿತ್ತು, ದೀಪಕ್ಕಷ್ಟೇ ಆಗಿದ್ದರೆ. 40 ವ್ಯಾಟ್ ಪ್ಯಾನೆಲ್ ದಿನಕ್ಕೆ ಐದು ತಾಸಿನ ಒಳ್ಳೆ ಬಿಸಿಲಿಗೆ 200 ವ್ಯಾಟ್-ಅವರ್ ಕೊಡಬೇಕು. ಧೂಳು, ತಂತಿ, ಬ್ಯಾಟರಿ ಎಲ್ಲ ಸೇರಿ ಕಾಲು ಭಾಗಕ್ಕಿಂತ ಹೆಚ್ಚು ತಿನ್ನುತ್ತವೆ. ಪ್ಯಾನೆಲ್ ಬಿಸಿಯಾದಷ್ಟೂ ಉತ್ಪತ್ತಿ ಇಳಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಅದನ್ನು ಮುಟ್ಟಿದರೆ ಕೈ ಸುಡುತ್ತದೆ. ಕೈಗೆ ಸಿಗುವುದು 140ರ ಆಸುಪಾಸು. 5 ವ್ಯಾಟ್‌ನ ನಾಲ್ಕು ಬಲ್ಬು ನಾಲ್ಕು ತಾಸು ಉರಿದರೆ 80. ಒಂದು ಮೊಬೈಲು, ಮುಗಿಯಿತು. ಆದರೆ ಕೂಸು ಮಲಗಬೇಕು. 15 ವ್ಯಾಟ್ ಡಿಸಿ ಫ್ಯಾನು ಹತ್ತು ತಾಸು ತಿರುಗಿದರೆ ಅದೊಂದೇ 150. ಬ್ಯಾಟರಿ ಪೂರ್ತಿ ಇಳಿಯದಂತೆ ಕಾಯುವ ಕಂಟ್ರೋಲರ್ ನಡುರಾತ್ರಿ ಕಟ್ ಮಾಡುತ್ತದೆ, ಮನೆಯವರು ಕಂಟ್ರೋಲರ್ ಬಿಟ್ಟು ಫ್ಯಾನನ್ನು ನೇರ ಬ್ಯಾಟರಿಗೆ ಕೊಡುತ್ತಾರೆ, ಬ್ಯಾಟರಿ ಪೂರ್ತಿ ಬರಿದಾಗುತ್ತದೆ, ಒಳಗಿನ ಸೀಸದ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಕೆಡುತ್ತದೆ. ಆಮೇಲೆ ಎಂಜಿನಿಯರ್ ಬಂದು "ಜನರಿಗೆ ಬಳಸಲು ಬರುವುದಿಲ್ಲ" ಎಂದು ಬರೆದು ಹೋಗುತ್ತಾರೆ. ಬಡವರಿಗೆ ನಾಲ್ಕು ಬಲ್ಬು ಸಾಕು ಎಂದು ಲೆಕ್ಕ ಹಾಕಿದವರು ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ ಒಂದು ರಾತ್ರಿ ಮಲಗಿ ಎದ್ದಿದ್ದರೆ ಚೆನ್ನಾಗಿತ್ತು.

ಇನ್ನು ಗುಳೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಪುಣೆಗೋ ಹೋದವರು ಮುಂಗಾರಿಗೆ ವಾಪಸ್. ಕಳ್ಳರ ಹೆದರಿಕೆಗೆ ಪ್ಯಾನೆಲ್ ಬಿಚ್ಚಿ ಒಳಗಿಟ್ಟು ಬೀಗ ಹಾಕುತ್ತಾರೆ. ನಾಲ್ಕು ತಿಂಗಳು ಚಾರ್ಜ್ ಇಲ್ಲದ ಸೀಸದ ಬ್ಯಾಟರಿ ತಾನೇ ಇಳಿದು ಸಾಯುತ್ತದೆ. ಇದಕ್ಕೆ ಮದ್ದು ಸುಲಭ. ಬಲ್ಬಿನ ಕಡೆಯ ಫ್ಯೂಸ್ ತೆಗೆದು, ಪ್ಯಾನೆಲ್ ಮೇಲೆಯೇ ಬಿಟ್ಟು ಹೋಗಬೇಕು, ಪ್ಯಾನೆಲ್‌ಗೆ ತಿರುಚಿ ಬಿಚ್ಚಲಾಗದ ಬೋಲ್ಟ್ ಹಾಕಿರಬೇಕು. ಆ ಬೋಲ್ಟು ಟೆಂಡರಿನಲ್ಲಿ ಇಲ್ಲ. ಹೇಳಿಕೊಡುವವರೂ ಇಲ್ಲ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನದು ಮತ್ತೊಂದು. ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಮಟ್ಟ ನೋಡಬೇಕು, ನಮ್ಮ ಬಿಸಿಲಿಗೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ. ಸಿಗದಿದ್ದಾಗ ಜನ ಶುದ್ಧ ನೀರಿನ ಘಟಕದ ಕ್ಯಾನು ನೀರು ಸುರಿಯುತ್ತಾರೆ. ಅದು ಕುಡಿಯಲು ಶುದ್ಧ, ಬ್ಯಾಟರಿಗೆ ಅಲ್ಲ. ಬೋರಿನ ನೀರು ಹಾಕಿದರಂತೂ ಉಪ್ಪಿಗೆ ಪ್ಲೇಟೇ ಹೋಗುತ್ತದೆ. ಕೆಲವು ಕಡೆ ಹಳೆ ಸೀಸದ ಬ್ಯಾಟರಿಯ ಜಾಗದಲ್ಲಿ ಲಿಥಿಯಂ ತಂದು ಕೂಡಿಸಿದ್ದಾರೆ, ಕಂಟ್ರೋಲರ್ ಹಳೆಯದೇ. ಲಿಥಿಯಂ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್ (ಬಿಎಂಎಸ್) ಕಟ್ ಆದರೆ ಆ ಕಂಟ್ರೋಲರ್‌ಗೆ ಅದನ್ನು ಎಬ್ಬಿಸಲು ಬರುವುದಿಲ್ಲ. ಚೆನ್ನಾಗಿರುವ ಬ್ಯಾಟರಿಯನ್ನು ಕೆಟ್ಟಿದೆ ಎಂದು ಎಸೆದಿದ್ದೂ ಆಗಿದೆ.

ಈಗ ಬೀದಿ ದೀಪದ ವಿಷಯ. ಸೈರಣೆ ತಪ್ಪಿದರೆ ಮನ್ನಿಸಿ.

ದೊಡ್ಡಿಯ ದಾರಿಯಲ್ಲಿ ಸಾಲಾಗಿ ಸೋಲಾರ್ ಕಂಬ ನೆಟ್ಟರು. ಕಂಬಕ್ಕೆ ಹಚ್ಚಿದ ಹೆಸರಿನ ಫಲಕ ಪ್ಯಾನೆಲ್‌ಗಿಂತ ಅಗಲ. ಎರಡನೇ ಮಳೆಗಾಲಕ್ಕೆ ದೀಪ ಆರಿದವು. ಗುತ್ತಿಗೆದಾರನ ಕಡೆಯವರು ಬಂದು "ರಿಪೇರಿಗೆ" ಎಂದು ಬ್ಯಾಟರಿ ಬಿಚ್ಚಿ ಒಯ್ದರು, ಮತ್ತೆ ಬರಲಿಲ್ಲ. ನಾವು ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಬಂದ ಉತ್ತರ: "ದುರಸ್ತಿಪಡಿಸಲಾಗಿದೆ, ದೀಪಗಳು ಸುಸ್ಥಿತಿಯಲ್ಲಿವೆ." ಜೊತೆಗೆ ಜಿಪಿಎಸ್ ಫೋಟೋ. ಫೋಟೋದಲ್ಲಿ ದೀಪ ಝಗಝಗ ಉರಿಯುತ್ತಿದೆ. ಸಮಯ ಬೆಳಗ್ಗೆ 11.40.

ಸಾಹೇಬರೇ, ಈ ಸೋಲಾರ್ ಬೀದಿ ದೀಪಕ್ಕೆ ಸ್ವಿಚ್ ಇಲ್ಲ. ಪ್ಯಾನೆಲ್‌ನ ವೋಲ್ಟೇಜ್ ನೋಡಿಯೇ ಅದು ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯುತ್ತದೆ. 11.40ಕ್ಕೆ ದೀಪ ಹತ್ತಿದೆ ಎಂದರೆ ಪ್ಯಾನೆಲ್ ತಂತಿ ಕಿತ್ತಿರಬೇಕು, ಇಲ್ಲ ಯಾರೋ ಮೇಲೆ ಗೋಣಿಚೀಲ ಹೊದಿಸಿರಬೇಕು, ಇಲ್ಲ ಹೊರಗಿನ ಬ್ಯಾಟರಿ ತಂದು ಹಚ್ಚಿರಬೇಕು. ಸುಸ್ಥಿತಿಯ ಪುರಾವೆ ಎಂದು ಕೊಟ್ಟದ್ದು ಪುರಾವೆಯೇ ಅಲ್ಲ! ಆ ಫೋಟೋ ನೋಡಿ ಮೂರು ಜನ ಸಹಿ ಹಾಕಿದ್ದಾರೆ. ಬಿಲ್ಲೂ ಪಾಸಾಗಿದೆ. ಬೀದಿ ದೀಪ ಪಂಚಾಯಿತಿಯ ಹೊಣೆ ಎಂಬ 1993ರ ಪಂಚಾಯತ್ ರಾಜ್ ಕಾಯ್ದೆಯ ಮಾತನ್ನು ನಾವು ತಮಗೆ ಹೇಳಬೇಕೇ? ಪಂಚಾಯಿತಿಯವರನ್ನು ಕೇಳಿದರೆ "ನಮಗೆ ಹಸ್ತಾಂತರವೇ ಆಗಿಲ್ಲ" ಅನ್ನುತ್ತಾರೆ. ಹಾವು ಚೇಳುಗಳಿಗೆ ಹಸ್ತಾಂತರ ಆಗಿರುವ ಹಾಗಿದೆ.

ದುಡ್ಡಿನ ಮಾತಿಗೆ ಬರೋಣ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ನಾಲ್ಕು ವರ್ಷ. 25 ಡಿಗ್ರಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಆದ್ದರಿಂದ ಕಂಬದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಬೇಯಿಸದೆ ಮನೆಯ ನೆರಳಿನಲ್ಲಿ ಇಡಬೇಕು. 40 ಎಎಚ್‌ನ ಟ್ಯೂಬ್ಯುಲರ್ ಎಂಬ ಸೀಸದ ಬ್ಯಾಟರಿಗೆ ಸುಮಾರು ಐದಾರು ಸಾವಿರ. ಹಳೆಯದನ್ನು ಕೊಟ್ಟರೆ ಸೀಸದ ಬೆಲೆ ಕಳೆಯುತ್ತಾರೆ. ಮನೆಗೆ ತಿಂಗಳಿಗೆ ₹100 ಎಂದರೆ 48 ತಿಂಗಳಿಗೆ ₹4,800. ದೊಡ್ಡಿಯವರು ಅಷ್ಟು ಕೊಡಲು ತಯಾರಿದ್ದಾರೆ. ಕೊಡುವುದು ಯಾರ ಕೈಗೆ? ಸ್ವಸಹಾಯ ಸಂಘದ ಹೆಸರಲ್ಲಿ ಒಂದು ಖಾತೆ ತೆರೆಸಿ. ಮೊದಲ ಸುತ್ತಿನ ಬ್ಯಾಟರಿಗೆ ತಮ್ಮ ಕ್ಷೇತ್ರಾಭಿವೃದ್ಧಿ ನಿಧಿಯ ವರ್ಷದ 2 ಕೋಟಿಯಲ್ಲಿ ಒಂದು ಪಾಲು ಇಡಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದಲೂ (ಕೆಕೆಆರ್‌ಡಿಬಿ) ಕೇಳಿ. ಐಟಿಐ ಮುಗಿಸಿ ಕೂತ ಹುಡುಗರಿಗೆ ಹೋಬಳಿಗೊಬ್ಬರಂತೆ ಮಲ್ಟಿಮೀಟರ್, ಬ್ಯಾಟರಿಯ ಆಸಿಡ್ ಅಳೆಯುವ ಹೈಡ್ರೋಮೀಟರ್, ಫ್ಯೂಸು, ಎರಡು ಕಂಟ್ರೋಲರ್ ಕೊಟ್ಟು ಕೆಲಸ ಹಚ್ಚಿ. ಬ್ಯಾಟರಿ ದುಡ್ಡು ತೆಗೆದಿಡದೆ ಯಾವ ಹೊಸ ದೀಪಕ್ಕೂ ಸಹಿ ಹಾಕಬೇಡಿ. ಸೋಲಾರ್ ರೊಟ್ಟಿ ಯಂತ್ರ ಕೊಡುತ್ತೀರಿ ಎಂಬ ಸುದ್ದಿ ಇದೆ. ಒಳ್ಳೆಯದೇ. ಅದರ ಬ್ಯಾಟರಿ ಸತ್ತ ದಿನ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಯಂತ್ರದ ಮೇಲೆಯೇ ಬರೆಸಿ ಕೊಡಿ. ತಮ್ಮ ಹೆಸರಿನ ಪಕ್ಕದಲ್ಲಾದರೂ ಅಡ್ಡಿಯಿಲ್ಲ.

ಕೆಟ್ಟ ಕಂಬಗಳ ಪಟ್ಟಿ ಇದರೊಂದಿಗಿದೆ. ಯಾವುದಕ್ಕೆ ಬ್ಯಾಟರಿ ಇಲ್ಲ, ಯಾವುದರ ಕಂಟ್ರೋಲರ್ ಸುಟ್ಟಿದೆ, ಯಾವುದರ ಪ್ಯಾನೆಲ್ ಮೇಲೆ ಬೇವಿನ ನೆರಳು ಬಿದ್ದಿದೆ, ಕಂಬದ ನಂಬರ್ ಸಮೇತ ಬರೆದಿದ್ದೇವೆ. ಪರಿಶೀಲನೆಗೆ ಯಾರನ್ನಾದರೂ ಕಳಿಸುವುದಾದರೆ ದಯವಿಟ್ಟು ಹೊತ್ತು ಮುಳುಗಿದ ಮೇಲೆ ಕಳಿಸಿ.

ಇಂತಿ,
ದೊಡ್ಡಿಗಳ ನಿವಾಸಿಗಳು ಮತ್ತು ಸೋಲಾರ್ ರಿಪೇರಿಯವರು
ರಾಯಚೂರು ಜಿಲ್ಲೆ