ಟುವಾಲು: ವೀಸಾಗಿಂತ ಮೊದಲು ಕುಡಿಯುವ ನೀರು

ಮಾನ್ಯರೆ,

ಪೆಸಿಫಿಕ್ ಸಾಗರದ ಪುಟ್ಟ ದೇಶ ಟುವಾಲು ಕುರಿತ ನಮ್ಮ ಪತ್ರಿಕೆಗಳ ವರದಿಗಳು, ಅದು ಎಂದು ಮುಳುಗೀತು, ಅಲ್ಲಿನ ಜನ ಎಲ್ಲಿಗೆ ಹೋದಾರು ಎಂಬ ಎರಡು ಪ್ರಶ್ನೆಗಳಾಚೆಗೆ ಹೋಗುವುದು ಅಪರೂಪ. ವರ್ಷಕ್ಕೆ 280 ಮಂದಿ ತನ್ನಲ್ಲಿ ನೆಲೆಸಲು ಅವಕಾಶ ಕೊಡುವ ವೀಸಾಕ್ಕೆ ಆಸ್ಟ್ರೇಲಿಯಾ 2025ರಲ್ಲಿ ಅರ್ಜಿ ಕರೆದಾಗ, ಸುಮಾರು ಹನ್ನೊಂದು ಸಾವಿರ ಜನಸಂಖ್ಯೆಯ ಆ ದೇಶದಿಂದ ಕುಟುಂಬದವರೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಹೆಸರು ಬಂದದ್ದು ನಿಜ. ಆದರೆ ಆ ವೀಸಾ ಪಡೆದವರು ಬೇಕೆಂದಾಗ ಊರಿಗೆ ಮರಳಬಹುದು. ಅರ್ಜಿ ಹಾಕಿದವರೆಲ್ಲ ದೇಶ ಬಿಟ್ಟರೆಂದು ಲೆಕ್ಕ ಹಾಕುವುದು ಅವಸರದ ಮಾತು.

1971ರಿಂದ 2014ರವರೆಗಿನ ವೈಮಾನಿಕ ಹಾಗೂ ಉಪಗ್ರಹ ಚಿತ್ರಗಳನ್ನು ಹೋಲಿಸಿದ ಅಧ್ಯಯನವೊಂದು, ಅಲೆಗಳು ಹವಳದ ಮರಳನ್ನು ತಂದು ಹಾಕುವುದರಿಂದ ಟುವಾಲುವಿನ ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿದೆಯೆಂದು ತೋರಿಸಿತ್ತು. ಹವಾಮಾನ ಬದಲಾವಣೆಯೇ ಸುಳ್ಳು ಎನ್ನುವವರು ಇದನ್ನು ಸಂಭ್ರಮದಿಂದ ಉಲ್ಲೇಖಿಸುತ್ತಾರೆ. ನೆಲವಿದ್ದ ಮಾತ್ರಕ್ಕೆ ಬದುಕು ಸಾಗದು. ನದಿಯೇ ಇಲ್ಲದ ಆ ದ್ವೀಪಗಳಲ್ಲಿ ಜನ ನೆಚ್ಚಿರುವುದು ತೊಟ್ಟಿಗಳಲ್ಲಿ ಹಿಡಿದಿಟ್ಟ ಮಳೆನೀರನ್ನು. ನೆಲದಡಿ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳುಪದರದವರೆಗೆ ಗುಂಡಿ ತೋಡಿ ಅವರು ಬೆಳೆಯುವ, ಕೆಸುವಿನ ಜಾತಿಯ ಪುಲಕ ಗಡ್ಡೆಗೆ, ದೊಡ್ಡ ಉಬ್ಬರದ ದಿನಗಳಲ್ಲಿ ಒಳನುಗ್ಗುವ ಕಡಲನೀರೇ ಶತ್ರು. 2011ರಲ್ಲಿ ಮಳೆ ಕೈಕೊಟ್ಟಾಗ ಅಲ್ಲಿನ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿತು, ನ್ಯೂಜಿಲೆಂಡ್ ಉಪ್ಪುನೀರು ಶುದ್ಧೀಕರಿಸುವ ಯಂತ್ರಗಳನ್ನು ವಿಮಾನದಲ್ಲಿ ಕಳಿಸಬೇಕಾಯಿತು.

ಹಾಗೆಂದು ಟುವಾಲು ಕೈಕಟ್ಟಿ ಕುಳಿತಿಲ್ಲ. ರಾಜಧಾನಿ ಫುನಾಫುಟಿಯಲ್ಲಿ ಲಗೂನಿನ (ಹವಳದ ದಿಬ್ಬಗಳು ಸುತ್ತುವರಿದ ಕಡಲಕೊಳದ) ಮರಳು ತುಂಬಿ ಸುಮಾರು 7 ಹೆಕ್ಟೇರ್ ಎತ್ತರದ ನೆಲವನ್ನು ನಿರ್ಮಿಸಿಕೊಂಡಿದೆ. ಇದಕ್ಕೆ, ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿ ಅಭಿವೃದ್ಧಿಶೀಲ ದೇಶಗಳಿಗೆ ನೆರವಾಗುವ ಹಸಿರು ಹವಾಮಾನ ನಿಧಿ 3.6 ಕೋಟಿ ಡಾಲರ್ ಅನುದಾನ ಮಂಜೂರು ಮಾಡಿದ್ದು 2016ರಲ್ಲಿ. ನೆಲ ಸಿದ್ಧವಾಗುವಷ್ಟರಲ್ಲಿ 2023 ಬಂದಿತ್ತು. ಒಂದು ದ್ವೀಪದ ಒಂದು ಅಂಚಿಗೇ ಇಷ್ಟು ಕಾಲ ಹಿಡಿದರೆ ಉಳಿದ ದ್ವೀಪಗಳ ಪಾಡೇನು? ಪೆಸಿಫಿಕ್‌ನ ಮತ್ತೊಂದು ದ್ವೀಪರಾಷ್ಟ್ರ ವನುವಾಟುವಿನ ಮುಂದಾಳತ್ವದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಾಗಿ ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈನಲ್ಲಿ, ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆಯೆಂದು ಅಭಿಪ್ರಾಯ ನೀಡಿದೆ. ಆದರೂ ಇಂಥ ದ್ವೀಪಗಳಿಗೆ ಬರುವ ನೆರವಿನ ಹಣದ ಹರಿವಿನ ವೇಗ ಹೆಚ್ಚಿದಂತೆ ಕಾಣುವುದಿಲ್ಲ.

ದ್ವೀಪರಾಷ್ಟ್ರಗಳ ಮೂಲಸೌಕರ್ಯ ಗಟ್ಟಿಗೊಳಿಸುವ ಉಪಕ್ರಮವನ್ನು 2021ರ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಇತರ ದೇಶಗಳೊಂದಿಗೆ ಆರಂಭಿಸಿದ ಭಾರತವು, ಈ ನೆರವು ಸಾಲವಾಗಿ ಅಲ್ಲದೆ ಅನುದಾನವಾಗಿಯೇ, ಅದೂ ಏಳು ವರ್ಷ ಕಾಯಿಸದೆ ತಲುಪಬೇಕೆಂದು ಮುಂದಿನ ಹವಾಮಾನ ಮಾತುಕತೆಗಳಲ್ಲಿ ಪಟ್ಟು ಹಿಡಿಯಬೇಕು.

— ನಿವೃತ್ತ ಭೂಗೋಳ ಉಪನ್ಯಾಸಕ, ಕುಂದಾಪುರ