ಮಗಳಿಗೊಂದು ಪತ್ರ: ನೆವಾರ್ಕಿನ ಎಫಾ ಮ್ಯಾನ್ಲಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ, "ತಂಡದ ಮಾಲೀಕರು ದುಡ್ಡು ಹಾಕ್ತಾರೆ, ದುಡ್ಡು ತೆಗೀತಾರೆ, ಅಷ್ಟೇ ಅಮ್ಮ" ಅಂದೆಯಲ್ಲ, ಎಲ್ಲರೂ ಹಾಗಲ್ಲ ಕಣೇ. ನೀನಿರುವ ನ್ಯೂಜೆರ್ಸಿಯಲ್ಲೇ, ನೆವಾರ್ಕಿನಲ್ಲಿ, ಎಫಾ ಮ್ಯಾನ್ಲಿ ಅಂತ ಒಬ್ಬರಿದ್ದರು. ಗಂಡ ಏಬ್ ಜೊತೆ ಸೇರಿ ನೆವಾರ್ಕ್ ಈಗಲ್ಸ್ ಎಂಬ ಬೇಸ್‌ಬಾಲ್ ತಂಡ ನಡೆಸಿದವರು. ದೊಡ್ಡ ಲೀಗ್‌ಗಳು ಕಪ್ಪು ಜನರನ್ನು ಹತ್ತಿರ ಸೇರಿಸದ ಕಾಲವದು. ಅವರಿಗೆ ಅವರದೇ ನೀಗ್ರೋ ಲೀಗ್.

ತಂಡಕ್ಕೂ ಮೊದಲೇ, 1934ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ಲೂಮ್‌ಸ್ಟೈನ್ ಅಂಗಡಿಯೆದುರು ನಡೆದ ಬಹಿಷ್ಕಾರದಲ್ಲಿ ಆಕೆ ಮುಂದಿದ್ದರು. ಕೊಳ್ಳುವವರು ಬಹುಪಾಲು ಕಪ್ಪು ಜನ, ಆದರೆ ಕೌಂಟರಿನ ಆಚೆ ಮಾರುವ ಕೆಲಸ ಅವರಿಗಿಲ್ಲ. ಕೊನೆಗೆ ಅಂಗಡಿಯವರು ಕಪ್ಪು ಹೆಣ್ಣುಮಕ್ಕಳನ್ನು ಆ ಕೆಲಸಕ್ಕೆ ಸೇರಿಸಿಕೊಳ್ಳಲು ಒಪ್ಪಿದರು. 1939ರಲ್ಲಿ ತಮ್ಮ ಮೈದಾನದಲ್ಲೇ ಲಿಂಚಿಂಗ್ ವಿರೋಧಿ ದಿನ ಮಾಡಿದರು. ಲಿಂಚಿಂಗ್ ಅಂದರೆ ಗುಂಪು ಸೇರಿ, ವಿಚಾರಣೆಯಿಲ್ಲದೆ ಕೊಲ್ಲುವುದು. ಸೀಟು ತೋರಿಸುವ ಹುಡುಗಿಯರ ಹೆಗಲಿಂದ ಸೊಂಟಕ್ಕಿಳಿದ ಪಟ್ಟಿಯ ಮೇಲೆ, ಲಿಂಚಿಂಗ್ ನಿಲ್ಲಿಸಿ ಎಂಬ ಬರಹ. ಆಟ ನೋಡಲು ಬಂದವರು ಅದನ್ನು ಓದದೆ ಕೂರುವ ಹಾಗೇ ಇರಲಿಲ್ಲ!

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮೇಲಿನ ಜಗಳ. ದೊಡ್ಡ ಲೀಗ್‌ನ ತಂಡವಾದ ಬ್ರೂಕ್ಲಿನ್ ಡಾಡ್ಜರ್ಸ್‌ ನಡೆಸುತ್ತಿದ್ದ ಬ್ರಾಂಚ್ ರಿಕಿ, ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ರನ್ನು ಸೇರಿಸಿಕೊಂಡದ್ದು ದೊಡ್ಡ ಕೆಲಸವೇ, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ರಾಬಿನ್ಸನ್ ಆಡುತ್ತಿದ್ದ ನೀಗ್ರೋ ಲೀಗ್ ತಂಡಕ್ಕೆ ರಿಕಿ ಬಿಡಿಗಾಸೂ ಕೊಡಲಿಲ್ಲ. ಈಗಲ್ಸ್‌ನ ಡಾನ್ ನ್ಯೂಕೂಂಬ್‌ರನ್ನೂ ಹಾಗೇ ಪುಕ್ಕಟೆ ಒಯ್ದರು. ಬೆಳೆಸಿದವರು ಕಪ್ಪು ಮಾಲೀಕರಾದರೆ ಅವರ ಕರಾರಿಗೆ ಬೆಲೆಯೇ ಇಲ್ಲವೇ? ಎಫಾ ಇದನ್ನು ಬಾಯಿಬಿಟ್ಟು ಕೇಳಿದರು. 1947ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್, ಈಗಲ್ಸ್‌ನ ಲ್ಯಾರಿ ಡೋಬಿಯನ್ನು ಕೇಳಿಕೊಂಡು ಬಂದಾಗ, ಇದೇ ಹುಡುಗ ಬಿಳಿಯನಾಗಿದ್ದರೆ ನೀವು ಎಷ್ಟೋ ಪಾಲು ಹೆಚ್ಚು ಕೊಡುತ್ತಿದ್ದಿರಿ ಎಂದು ಮುಖಕ್ಕೇ ಹೇಳಿ, ಹಣ ವಸೂಲಿ ಮಾಡಿಯೇ ಕಳಿಸಿದರು. ಡೋಬಿ, ಎರಡು ದೊಡ್ಡ ಲೀಗ್‌ಗಳಲ್ಲೊಂದಾದ ಅಮೆರಿಕನ್ ಲೀಗ್‌ನ ಮೊದಲ ಕಪ್ಪು ಆಟಗಾರನಾದ.

ಒಳ್ಳೆಯ ಆಟಗಾರರ ಹಿಂದೆಯೇ ನೋಡುವ ಜನರೂ ದೊಡ್ಡ ಲೀಗ್‌ಗಳತ್ತ ಹೋದರು. 1946ರಲ್ಲಷ್ಟೇ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿದ್ದ ತಂಡವನ್ನು ಮ್ಯಾನ್ಲಿ ದಂಪತಿ 1948ರ ಸೀಸನ್ ಮುಗಿದ ಮೇಲೆ ಕೈಬಿಡಬೇಕಾಯಿತು. ಹೀಗಾಗುತ್ತದೆಂದು ತಿಳಿದೂ ಆಕೆ ಹುಡುಗರ ದಾರಿಗೆ ಅಡ್ಡ ನಿಲ್ಲಲಿಲ್ಲ. ನಿನ್ನ ಮಾತಿಗೆ ನನ್ನ ಉತ್ತರ ಅದೇ.

2006ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಹೆಂಗಸು ಆಕೆ. ನಾವು ಬಂದಾಗ ಆ ಹಾಲ್ ಇರುವ ಕೂಪರ್ಸ್‌ಟೌನ್‌ಗೆ ಕರೆದುಕೊಂಡು ಹೋಗು, ಆಕೆಯ ಫಲಕ ನೋಡಬೇಕು.

ಇಂತಿ ನಿನ್ನ,
ಅಮ್ಮ